ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು?

ಆತ್ಮೀಯ ಓದುಗರೆ,

ಸ್ಟಾಕ್‌ಹೋಮಿನ ಕನ್ನಡಿಗರಾದ ನಮ್ಮ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯ ರಾಜ್ಯೋತ್ಸವದ ಬಗ್ಗೆ ಇರಬೇಕಾಗಿತ್ತು, ಒಂದೂವರೆ ಪುಟ ಬರೆದೂ ಆಗಿತ್ತು. ಆದರೆ ಕಳೆದ ಗುರುವಾರ, ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದ ಮೇಲೆ ಶಾಲೆಯಿಂದ ಬಂದ ನನ್ನ ಮಗಳು, ಒದ್ದೆ ಬೂಟುಗಳನ್ನು ಬಾಗಿಲಲ್ಲೇ ಕಳಚಿ, ನೊಬೆಲ್ ವಾರಕ್ಕೆಂದು ತರಗತಿಯಲ್ಲಿ ಹಂಚಿದ್ದ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದಳು. ಅವಳ ಪಾಲಿಗೆ ಬಂದಿದ್ದವರು ಸ್ವೀಡನ್ನಿನ ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿ. ಗುನ್ನಾರ್‌ಗೆ 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್, ಆಲ್ವಾಗೆ 1982ರಲ್ಲಿ ಶಾಂತಿ ನೊಬೆಲ್. ಗಂಡಹೆಂಡಿರು ಒಂದೇ ಬಹುಮಾನವನ್ನು ಹಂಚಿಕೊಂಡದ್ದುಂಟು, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ವರ್ಷ ಪಡೆದವರು ಇವರೇ. ಹಾಳೆಯನ್ನು ಓದಿ ಮುಗಿಸಿದ ಮಗಳು ಹಾಲಿನ ಲೋಟವನ್ನು ಕೆಳಗಿಟ್ಟು ಕೇಳಿದಳು: "ಅಮ್ಮಾ, ಅಪ್ಪನಿಗೊಂದು ನೊಬೆಲ್, ಅಮ್ಮನಿಗೊಂದು ನೊಬೆಲ್. ಹಾಗಾದ್ರೆ ಮಕ್ಕಳನ್ನ ಯಾರು ನೋಡ್ಕೋತಿದ್ರು?"

ಆ ಒಂದೂವರೆ ಪುಟ ಪಕ್ಕಕ್ಕೆ ಹೋಯಿತು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪುಟಗಳು ಮುದ್ರಣಕ್ಕೆ ಹೋಗಬೇಕು, ಈಗ ರಾತ್ರಿ ಹನ್ನೊಂದೂಕಾಲು. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗುನ್ನಾರ್ ಹುಟ್ಟಿದ್ದು 1898ರಲ್ಲಿ, ದಾಲಾರ್ನಾ ಪ್ರಾಂತ್ಯದ ಹಳ್ಳಿಯಲ್ಲಿ. ಆಲ್ವಾ ಹುಟ್ಟಿದ್ದು 1902ರ ಜನವರಿ 31ರಂದು ಉಪ್ಸಾಲಾದಲ್ಲಿ, ಬೆಳೆದದ್ದು ಎಸ್ಕಿಲ್‌ಸ್ಟೂನಾದಲ್ಲಿ. ಆ ಊರಿನಲ್ಲಿ ಆಗ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ಮೇಲಿನ ಓದಿಗೆ ಅವಕಾಶವೇ ಇರಲಿಲ್ಲ. ಹುಡುಗಿ ಕಂದಾಯ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದಳು, ಅವಳ ತಂದೆ ಊರಿನ ಶಿಕ್ಷಣ ಸಮಿತಿಯ ಬೆನ್ನು ಹತ್ತಿ ಹುಡುಗಿಯರಿಗೊಂದು ತರಗತಿ ತೆರೆಸಿದರು. 1919ರ ಬೇಸಿಗೆಯಲ್ಲಿ ಸೈಕಲ್ ಪ್ರವಾಸ ಹೊರಟಿದ್ದ ಮೂವರು ವಿದ್ಯಾರ್ಥಿಗಳು ಒಂದು ರಾತ್ರಿ ಇವರ ತೋಟದ ಹುಲ್ಲಟ್ಟದಲ್ಲಿ ಮಲಗಲು ಜಾಗ ಕೇಳಿದರಂತೆ. ಬೆಳಿಗ್ಗೆ ಕಾಫಿ ಕೊಟ್ಟ ಹದಿನೇಳರ ಹುಡುಗಿಗೂ ಆ ಮೂವರಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದ ಗುನ್ನಾರ್‌ಗೂ ಪರಿಚಯವಾದದ್ದು ಹೀಗೆ. 1924ರಲ್ಲಿ ಮದುವೆ. 1927ರಲ್ಲಿ ಮಗ ಯಾನ್, 1934ರಲ್ಲಿ ಮಗಳು ಸಿಸೆಲಾ, 1936ರಲ್ಲಿ ಕಿರಿಯವಳು ಕಾಯ್.

1934 ಅವರ ಬದುಕಿನಲ್ಲಿ ಮಾತ್ರವಲ್ಲ, ಈ ದೇಶದ ಬದುಕಿನಲ್ಲೂ ಮುಖ್ಯವಾದ ವರ್ಷ. ಸ್ವೀಡನ್ನಿನ ಜನನ ಪ್ರಮಾಣ ಆಗ ಯುರೋಪಿನಲ್ಲೇ ಅತಿ ಕಡಿಮೆಯದ್ದರಲ್ಲಿ ಒಂದಾಗಿತ್ತು. ಸಂಪ್ರದಾಯವಾದಿಗಳು ಹೆಣ್ಣುಮಕ್ಕಳು ಕೆಲಸ ಬಿಟ್ಟು ಮನೆಗೆ ಮರಳಲಿ ಎನ್ನುತ್ತಿದ್ದರು, ಪ್ರಗತಿಪರರಲ್ಲಿ ಹಲವರು ಜನಸಂಖ್ಯೆಯ ಮಾತೇ ಬೇಡವೆಂದು ಮುಖ ತಿರುಗಿಸುತ್ತಿದ್ದರು. ಜನಸಂಖ್ಯೆಯ ಬಿಕ್ಕಟ್ಟನ್ನು ಕುರಿತು ಅದೇ ವರ್ಷ ಇಬ್ಬರೂ ಸೇರಿ ಬರೆದ ಪುಸ್ತಕ ಇಡೀ ವಾದವನ್ನೇ ತಿರುಗಿಸಿ ನಿಲ್ಲಿಸಿತು. ಜನ ಮಕ್ಕಳನ್ನು ಹೆರದಿರುವುದಕ್ಕೆ ಸ್ವಾರ್ಥ ಕಾರಣವಲ್ಲ, ಇಕ್ಕಟ್ಟಿನ ಮನೆ, ಹೆರಿಗೆಯ ಖರ್ಚು, ಮದುವೆಯಾದೊಡನೆ ಕೈತಪ್ಪುವ ಕೆಲಸ ಇವು ಕಾರಣ. ಆದ್ದರಿಂದ ಮಗುವಿನ ಖರ್ಚಿನಲ್ಲಿ ಒಂದು ಪಾಲನ್ನು ಸಮಾಜವೇ ಹೊರಬೇಕು ಎಂಬುದು ಅದರ ಸಾರ. 1935ರಲ್ಲಿ ಸರ್ಕಾರ ಜನಸಂಖ್ಯಾ ಆಯೋಗವನ್ನು ನೇಮಿಸಿತು, ಗುನ್ನಾರ್ ಅದರ ಸದಸ್ಯರಾದರು. ಗರ್ಭನಿರೋಧಕಗಳ ಬಗ್ಗೆ ಮಾತಾಡುವುದನ್ನೇ ನಿಷೇಧಿಸಿದ್ದ 1910ರ ಕಾನೂನು 1938ರಲ್ಲಿ ಹೋಯಿತು. ಮದುವೆಯಾದಳೆಂದೋ ಬಸುರಿಯಾದಳೆಂದೋ ಹೆಂಗಸನ್ನು ಕೆಲಸದಿಂದ ತೆಗೆಯಬಾರದೆಂಬ ಕಾನೂನು 1939ರಲ್ಲಿ ಬಂತು. ಇವರ ಹೆಸರು ಎಷ್ಟು ಮನೆಮಾತಾಯಿತೆಂದರೆ ಅಗಲವಾದ ಸೋಫಾಕ್ಕೆ ಜನ ತಮಾಷೆಯಿಂದ ಮಿರ್ಡಾಲ್ ಸೋಫಾ ಎಂದು ಹೆಸರಿಟ್ಟರು. ತಮಾಷೆ ಏನೆಂದು ಮಕ್ಕಳ ಮುಂದೆ ವಿವರಿಸಲು ಹೋಗಬೇಡಿ.

ನನಗೆ ಈ ದಂಪತಿಯ ಪರಿಚಯ ಪುಸ್ತಕದಿಂದ ಆದದ್ದಲ್ಲ, ಒಂದು ಕಟ್ಟಡದಿಂದ. ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಸಾಗರದಿಂದ ಅಮ್ಮ ಬಂದಿದ್ದರು. ತೊಂಬತ್ತು ದಿನದ ವೀಸಾದಲ್ಲಿ ಎಣ್ಣೆನೀರು, ಕಷಾಯ, ಸೊಂಟಕ್ಕೆ ಪಂಚೆ ಕಟ್ಟುವುದು ಎಲ್ಲವನ್ನೂ ಲೆಕ್ಕ ಹಾಕಿ ಮುಗಿಸಿ ಹೋದರು. ಮರುವರ್ಷ, ಹದಿನಾಲ್ಕು ತಿಂಗಳ ಮಗುವನ್ನು ನಾವು ಇಲ್ಲಿನ ಶಿಶುವಿಹಾರವಾದ ಡಾಗಿಸ್‌ಗೆ ಹಾಕುತ್ತೇವೆಂದು ತಿಳಿದಾಗ ಫೋನಿನಲ್ಲೇ ಅತ್ತು, ಮತ್ತೆ ತೊಂಬತ್ತು ದಿನದ ವೀಸಾ ಮಾಡಿಸಿಕೊಂಡು ಬಂದರು. "ಇನ್ನೂ ಸರಿಯಾಗಿ ಅಮ್ಮ ಅನ್ನೂಕೂ ಬರೂದಿಲ್ಲ, ಆಗ್ಲೇ ಕಂಡೋರ ಕೈಗೆ ಕೊಡೂದನೇ?" ಎಂಬುದು ಅವರ ಒಂದೇ ಮಾತು. ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ, ಏಕೆಂದರೆ ಅದೇ ಮಾತು ನನ್ನೊಳಗೂ ಇತ್ತು. ಹೊಂದಿಕೊಳ್ಳುವ ಮೊದಲ ವಾರದಲ್ಲಿ ಅಮ್ಮ ನನ್ನೊಂದಿಗೆ ಬಂದು, ಡಾಗಿಸ್‌ನ ಪುಟ್ಟ ಕುರ್ಚಿಯ ಮೇಲೆ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಕೂತು, ಮಕ್ಕಳ ಮೂಗೊರೆಸುವ ಆ ಟೀಚರುಗಳ ಕೈಯನ್ನೇ ದಿಟ್ಟಿಸುತ್ತಿದ್ದರು. ಮೈನಸ್ ಐದರಲ್ಲಿ ಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ ಹೊರಗೆ ಬಿಟ್ಟಾಗ ಎದ್ದು ನಿಂತೇಬಿಟ್ಟರು, ಕೈ ಹಿಡಿದು ಕೂರಿಸಬೇಕಾಯಿತು.

ಆ ಭಾನುವಾರ ಅವರ ಮನಸ್ಸು ಸ್ವಲ್ಪ ಬೇರೆ ಕಡೆ ತಿರುಗಲೆಂದು ಕುಂಗ್ಸ್‌ಹೋಲ್ಮೆನ್ ಕಡೆಗೆ ನಡೆದಾಡಲು ಕರೆದುಕೊಂಡು ಹೋದೆ. ಸರೋವರದ ದಂಡೆಗೆ ಇಳಿಯುವ ಯೂನ್ ಎರಿಕ್‌ಸನ್ ರಸ್ತೆಯಲ್ಲಿ ಆರನೆಯ ನಂಬರಿನ ಕಟ್ಟಡವೊಂದಿದೆ, ಹಳದಿ ಬಣ್ಣದ್ದು, ಬಾಗಿದ ಬಾಲ್ಕನಿಗಳಿರುವುದು. ನನ್ನ ಸ್ವೀಡಿಷ್ ಸಹೋದ್ಯೋಗಿಯೊಬ್ಬರು ಅದರ ಕತೆ ಹೇಳಿದ್ದರು. 1932ರಲ್ಲಿ ಆಲ್ವಾ ಬರೆದಿದ್ದರಂತೆ: ಒಂದೇ ಕಟ್ಟಡದಲ್ಲಿ ಇಪ್ಪತ್ತು ಸಂಸಾರಗಳು, ಪ್ರತಿಯೊಂದು ಮನೆಯ ಕಿರಿದಾದ ಅಡುಗೆಮನೆಯಲ್ಲೂ ಒಬ್ಬೊಬ್ಬ ಹೆಂಗಸು ಪ್ರತ್ಯೇಕವಾಗಿ ಮಾಂಸದುಂಡೆ ಹುರಿಯುತ್ತಾಳೆ, ಪ್ರತಿಯೊಂದು ಮನೆಯಲ್ಲೂ ಒಂದೊಂದು ಮಗು ಒಂಟಿಯಾಗಿ ಗೋಡೆ ನೋಡುತ್ತ ಕೂರುತ್ತದೆ, ಇದನ್ನು ಸೇರಿ ಮಾಡಿದರಾಗದೆ ಎಂಬ ಅರ್ಥದಲ್ಲಿ. ವಾಸ್ತುಶಿಲ್ಪಿ ಸ್ವೆನ್ ಮಾರ್ಕೇಲಿಯಸ್ ಆ ಯೋಚನೆಯನ್ನು 1935ರಲ್ಲಿ ಈ ಕಟ್ಟಡವಾಗಿ ನಿಲ್ಲಿಸಿದರು. ಕೆಳಗೆ ಎಲ್ಲರಿಗೂ ಸೇರಿ ಒಂದು ದೊಡ್ಡ ಅಡುಗೆಮನೆ, ಪಕ್ಕದಲ್ಲಿ ಮಕ್ಕಳ ಮನೆ. ಊಟ ಬೇಕೆಂದರೆ ತಿಳಿಸಿದರಾಯಿತು, ಗೋಡೆಯೊಳಗಿನ ಸಣ್ಣ ಲಿಫ್ಟಿನಲ್ಲಿ ಪಾತ್ರೆ ಮೇಲೇರಿ ಬರುತ್ತಿತ್ತು. ಹೆಂಗಸು ಕೆಲಸ ಮುಗಿಸಿ ಬಂದು ಒಲೆಯ ಮುಂದೆ ನಿಲ್ಲಬೇಕಾಗಿರಲಿಲ್ಲ.

ಇದನ್ನೆಲ್ಲ ಹೇಳಿದಾಗ ಅಮ್ಮ ತಲೆಯೆತ್ತಿ ಐದಾರು ಮಹಡಿಗಳನ್ನು ಒಂದೊಂದಾಗಿ ನೋಡಿದರು. ಶಾಲು ಸರಿಪಡಿಸಿಕೊಂಡು, "ಸಾರು ಒಂದೇ ಕಡೆ ಕುದಿಸಿ ಮೇಲೆ ಕಳಿಸೂದಾ? ಅಷ್ಟು ಮೆಟ್ಟಿಲು ಹತ್ತೂದ್ರೊಳಗೆ ಒಗ್ಗರಣೆ ವಾಸ್ನೆಯೇ ಹೋಗಿರ್ತದೆ ಮಾರಾಯ್ತಿ" ಎಂದರು. ಮೆಟ್ಟಿಲಲ್ಲ, ಲಿಫ್ಟು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಕೆಳಗಿನ ಕಾಫಿ ಅಂಗಡಿಯಲ್ಲಿ ಕೂತು ಬನ್ನಿನ ಏಲಕ್ಕಿಯನ್ನು ಮೂಸಿ, ಏಲಕ್ಕಿ ನಮ್ಮ ಕಡೆಯದೇ ಇರಬೇಕೆಂದು ತೀರ್ಮಾನಿಸಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಇನ್ನೊಂದು ಮಾತು ಹೇಳಿದರು. ತಮ್ಮ ಅತ್ತೆಮನೆಯಲ್ಲಿ ಗದ್ದೆ ನಾಟಿಯ ಕಾಲಕ್ಕೆ ಹದಿನೆಂಟು ಜನರ ಊಟ ಒಂದೇ ಒಲೆಯ ಮೇಲೆ ಆಗುತ್ತಿತ್ತು, ಐದು ಮಕ್ಕಳು ಜಗಲಿಯಲ್ಲಿ ಒಟ್ಟಿಗೆ ಬೆಳೆದವು, ಅದೂ ಇಂಥದ್ದೇ. ಆದರೆ ಆ ಒಲೆಯ ಮುಂದೆ ಕೂತವಳು ತಾನೊಬ್ಬಳೇ, ಮದುವೆಯಾಗಿ ಬಂದ ವರ್ಷದಿಂದ ಹನ್ನೊಂದು ವರ್ಷ. "ಆ ಹೆಂಗ್ಸು ಯೋಚ್ನೆ ಮಾಡಿದ್ದು ಸರಿಯೇ ಇತ್ತು, ಸಾರು ತಣ್ಣಗಾದ್ರೂ ಅಡ್ಡಿಲ್ಲ" ಎಂದು ಬನ್ನಿನ ಉಳಿದರ್ಧವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸೋಮವಾರ ಅವರು ಡಾಗಿಸ್‌ಗೆ ಬರಲಿಲ್ಲ. ಮಗುವನ್ನು ತಾವೇ ಸಿದ್ಧಮಾಡಿ, ಹಣೆಗೆ ಕಾಡಿಗೆಯ ಬೊಟ್ಟಿಟ್ಟು, ಬಾಗಿಲ ತನಕ ಬಂದು ಕಳಿಸಿದರು.

ಆ ಕಟ್ಟಡ ಲೋಕವನ್ನು ಬದಲಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅದರಲ್ಲಿ ನೆಲೆಸಿದವರು ಹೆಚ್ಚಾಗಿ ಓದಿಕೊಂಡ ಮಧ್ಯಮ ವರ್ಗದವರು, ಕಾರ್ಮಿಕರಲ್ಲ. ಮಾರ್ಕೇಲಿಯಸ್ ಅಲ್ಲಿ ವಾಸವಿದ್ದರು, ಆದರೆ ಮಿರ್ಡಾಲ್ ದಂಪತಿ ಅವರಿಂದಲೇ ಬ್ರೊಮ್ಮಾದಲ್ಲಿ ತಮಗೊಂದು ಪ್ರತ್ಯೇಕ ಮನೆ ಕಟ್ಟಿಸಿಕೊಂಡರು! ಉಳಿದು ಬೆಳೆದದ್ದು ಕೆಳಗಿನ ಆ ಮಕ್ಕಳ ಮನೆಯ ಯೋಚನೆ. ಮಕ್ಕಳನ್ನು ನೋಡಿಕೊಳ್ಳುವುದು ಬಡವರಿಗೆ ಮಾಡುವ ಧರ್ಮಕಾರ್ಯವಲ್ಲ, ಕಲಿತು ಮಾಡಬೇಕಾದ ವೃತ್ತಿ ಎಂದು ನಂಬಿದ್ದ ಆಲ್ವಾ 1936ರಲ್ಲಿ ಸ್ಟಾಕ್‌ಹೋಮಿನಲ್ಲಿ ಶಿಶುಶಿಕ್ಷಕಿಯರ ತರಬೇತಿ ಶಾಲೆಯೊಂದನ್ನು ತೆರೆದು ಹನ್ನೆರಡು ವರ್ಷ ತಾವೇ ನಡೆಸಿದರು. 1948ರಿಂದ ಎಲ್ಲ ಮಕ್ಕಳಿಗೂ ಭತ್ಯೆ ಬಂತು. 1969ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕಾಗಿ ಸಮಾನತೆಯ ವರದಿಯನ್ನು ಸಿದ್ಧಪಡಿಸಿದ ಸಮಿತಿಯ ಮುಂದಾಳು ಆಲ್ವಾ. 1974ರಲ್ಲಿ ಹೆರಿಗೆ ರಜೆ ಹೋಗಿ ತಂದೆಯೂ ಪಡೆಯಬಹುದಾದ ಪೋಷಕರ ರಜೆ ಬಂತು. ಇಂದು ನಮಗೆ ಸಿಗುವ 480 ದಿನಗಳ ರಜೆಯ ಮೂಲ ಅಲ್ಲಿದೆ. ಅಜ್ಜಿಯಿಲ್ಲದ, ಅತ್ತೆಯಿಲ್ಲದ, ಪಕ್ಕದ ಮನೆಯ ಸಾವಿತ್ರಮ್ಮನಿಲ್ಲದ ಈ ಊರಿನಲ್ಲಿ ನಾವೆಲ್ಲ ಇಬ್ಬಿಬ್ಬರು ದುಡಿದು ಸಂಸಾರ ನಡೆಸುತ್ತಿರುವುದು ಇವರೂ ಇವರಂಥ ಅನೇಕರೂ ಜಗಳವಾಡಿ ಗೆದ್ದ ಏರ್ಪಾಟಿನ ಮೇಲೆ. ಮಗುವಿಗೆ ಜ್ವರವೆಂದು ಆಫೀಸಿಗೆ ವಾಬ್ (ಕಾಯಿಲೆಯ ಮಗುವನ್ನು ನೋಡಿಕೊಳ್ಳುವ ರಜೆ) ಹಾಕುವಾಗ ನಮಗದು ನೆನಪಾಗುವುದಿಲ್ಲ, ಅಷ್ಟೆ.

ಇದೇ 1934ರ ಪುಸ್ತಕದ ಇನ್ನೊಂದು ಮುಖವನ್ನು ಮಗಳ ಹಾಳೆಯಲ್ಲಿ ಬರೆದಿರಲಿಲ್ಲ. ಮಕ್ಕಳನ್ನು ಸಾಕಲು "ತಕ್ಕವರಲ್ಲದ"ವರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಈ ದಂಪತಿ ಬೆಂಬಲಿಸಿದ್ದರು. 1934ರಲ್ಲಿ ಆದ ಕಾನೂನು 1941ರಲ್ಲಿ ಇನ್ನಷ್ಟು ಹಿಗ್ಗಿ, 1970ರ ದಶಕದ ನಡುವಿನವರೆಗೂ ಉಳಿಯಿತು. ಸುಮಾರು 63,000 ಜನರಿಗೆ, ಅವರಲ್ಲಿ ಬಹುಪಾಲು ಹೆಂಗಸರಿಗೆ, ಶಸ್ತ್ರಚಿಕಿತ್ಸೆಯಾಯಿತು, ಹಲವರಿಗೆ ಒತ್ತಡದಿಂದ. 1997ರಲ್ಲಿ ಪತ್ರಿಕೆಗಳು ಇದನ್ನು ಹೊರಗೆಳೆದ ಮೇಲೆ ಬಲವಂತಕ್ಕೆ ಒಳಗಾದವರಿಗೆ ಸರ್ಕಾರ ತಲಾ 1,75,000 ಕ್ರೋನಾ ಪರಿಹಾರ ಕೊಟ್ಟಿತು. ತುರ್ತುಪರಿಸ್ಥಿತಿಯ ನಸಬಂದಿಯನ್ನು ಕಂಡ ದೇಶದಿಂದ ಬಂದ ನಮಗೆ ಇದು ಅರ್ಥವಾಗದ ವಿಷಯವಲ್ಲ. ಜನರ ಒಳ್ಳೆಯದು ತನಗೆ ಗೊತ್ತು ಎಂಬ ಭರವಸೆ ಅತಿಯಾದವರ ಕೈಗೆ ಆಸ್ಪತ್ರೆಯ ಬೀಗದ ಕೈಯನ್ನೂ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಸ್ಟಾಕ್‌ಹೋಮಾದರೇನು, ದೆಹಲಿಯಾದರೇನು.

ಅಮೆರಿಕದ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕರಿಯರ ಸ್ಥಿತಿಗತಿಯನ್ನು ಅಧ್ಯಯನ ಮಾಡಲು ವಸಾಹತುಗಳ ಗೋಜಿಲ್ಲದ ದೇಶದ ವಿದ್ವಾಂಸನೊಬ್ಬ ಬೇಕೆಂದು ಕಾರ್ನೆಗಿ ಕಾರ್ಪೊರೇಷನ್ 1938ರಲ್ಲಿ ಗುನ್ನಾರ್ ಅವರನ್ನು ಕರೆಸಿತು. 1944ರಲ್ಲಿ ಹೊರಬಂದ, ಹತ್ತಿರ ಹತ್ತಿರ ಒಂದೂವರೆ ಸಾವಿರ ಪುಟಗಳ 'ಆನ್ ಅಮೆರಿಕನ್ ಡೈಲೆಮಾ', ಅದು ಕರಿಯರ ಸಮಸ್ಯೆಯಲ್ಲ, ತಾವು ನಂಬುವ ಸಮಾನತೆಗೂ ತಾವು ನಡೆಯುವ ರೀತಿಗೂ ನಡುವಿನ ಬಿರುಕಿನಲ್ಲಿ ನರಳುವ ಬಿಳಿಯರ ಸಮಸ್ಯೆ ಎಂದಿತು. 1954ರಲ್ಲಿ ಶಾಲೆಗಳಲ್ಲಿನ ವರ್ಣಭೇದವನ್ನು ರದ್ದುಮಾಡಿದ ಸುಪ್ರೀಂ ಕೋರ್ಟಿನ ತೀರ್ಪು ತನ್ನ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಈ ಪುಸ್ತಕವನ್ನು ಉಲ್ಲೇಖಿಸಿದೆ.

ನಮಗೆ ಹತ್ತಿರದ ಕತೆ ದೆಹಲಿಯದು. 1955ರ ಕೊನೆಯಲ್ಲಿ ಆಲ್ವಾ ಭಾರತಕ್ಕೆ ಸ್ವೀಡನ್ನಿನ ರಾಯಭಾರಿಯಾಗಿ ಬಂದರು, 1961ರವರೆಗೆ ಇದ್ದರು, ನೆಹರೂ ಅವರಿಗೆ ಆಪ್ತರಾದರು. ಅದಕ್ಕೆ ಮೊದಲೇ ಅವರು ವಿಶ್ವಸಂಸ್ಥೆಯ ಸಾಮಾಜಿಕ ವಿಭಾಗವನ್ನೂ ಪ್ಯಾರಿಸ್ಸಿನಲ್ಲಿ ಯುನೆಸ್ಕೊದ ಸಮಾಜ ವಿಜ್ಞಾನ ವಿಭಾಗವನ್ನೂ ನಡೆಸಿದ್ದರು. ಹತ್ತು ವರ್ಷ ಜಿನೀವಾದಲ್ಲಿ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗವನ್ನು ನಡೆಸಿದ್ದ ಗುನ್ನಾರ್ 1957ರಲ್ಲಿ ಆ ಹುದ್ದೆ ಬಿಟ್ಟು, ರಾಯಭಾರಿಯ ಗಂಡನಾಗಿ ದೆಹಲಿಗೆ ಹೋದರು. ಆ ಕಾಲದಲ್ಲಿ ಹೆಂಡತಿಯ ವರ್ಗಾವಣೆಯ ಹಿಂದೆ ಹೋದ ಗಂಡಸರು ಎಷ್ಟಿದ್ದರೋ! (ಈ ಮಾತನ್ನು ನಮ್ಮ ಮನೆಯಲ್ಲಿ ಒಬ್ಬರು ಓದಲಿ ಎಂದೇ ಬರೆದಿದ್ದೇನೆ.) ಅಲ್ಲಿ ಮೊಳೆತದ್ದು 1968ರಲ್ಲಿ ಮೂರು ಸಂಪುಟಗಳಲ್ಲಿ ಬಂದ 'ಏಷ್ಯನ್ ಡ್ರಾಮಾ', ಎರಡು ಸಾವಿರ ಪುಟಗಳಿಗೂ ಮಿಕ್ಕಿದ್ದು. ಬಡತನವೆಂದರೆ ಬರೀ ಬಂಡವಾಳದ ಕೊರತೆಯಲ್ಲ, ಭೂಮಿ ಯಾರ ಕೈಯಲ್ಲಿದೆ, ಜಾತಿ ಏನು, ಓದು ಯಾರಿಗೆ ಎಂಬುದೂ ಅದರಲ್ಲೇ ಸೇರಿದೆ ಎಂದು ವಾದಿಸಿದ ಆ ಪುಸ್ತಕ ಭಾರತವನ್ನು "ಮೃದು ಪ್ರಭುತ್ವ"ಗಳ ಸಾಲಿಗೆ ಸೇರಿಸಿತು. ಕಾನೂನು ಮಾಡುತ್ತಾರೆ, ಜಾರಿ ಮಾಡುವುದಿಲ್ಲ, ಬಲವಿದ್ದವನು ನುಣುಚಿಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ, ಭೂಸುಧಾರಣೆ ಅದಕ್ಕೆ ದೊಡ್ಡ ಉದಾಹರಣೆ. ಅಷ್ಟು ನಿರಾಶೆ ಸರಿಯಲ್ಲವೆಂದು ಆಗಲೇ ವಾದಿಸಿದವರಿದ್ದಾರೆ, ನಾನೂ ಅವರ ಕಡೆಗೆ ಸ್ವಲ್ಪ ವಾಲುತ್ತೇನೆ, ಅದಕ್ಕೆ ಕಾರಣ ಅಜ್ಜನ ಮನೆಯ ಕಬ್ಬಿಣದ ಪೆಟ್ಟಿಗೆ. ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅಜ್ಜ ಡಿಕ್ಲರೇಷನ್ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಾಲ್ಕು ಸಲ ನಿಂತು, ತಾನು ಉಳುತ್ತಿದ್ದ ಗದ್ದೆಗೆ ಒಡೆಯನಾದರು. ಆ ಆದೇಶದ ಹಳದಿಗಟ್ಟಿದ ಕಾಗದ ಇನ್ನೂ ಪೆಟ್ಟಿಗೆಯಲ್ಲಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಗುನ್ನಾರ್ ನೊಬೆಲ್ ಪಡೆದರು. ಪ್ರಭುತ್ವ ಎಲ್ಲ ಕಡೆಯೂ ಎಲ್ಲ ಕಾಲಕ್ಕೂ ಮೃದುವಾಗಿರಲಿಲ್ಲ ಸ್ವಾಮಿ ಎಂದು ಅಜ್ಜ ಅವರಿಗೆ ಹೇಳಬಹುದಿತ್ತು. ಪಕ್ಕದೂರಿನಲ್ಲಿ ಡಿಕ್ಲರೇಷನ್ ಕೊಡಲು ಹೆದರಿ ಗೇಣಿಯನ್ನೂ ಕಳೆದುಕೊಂಡ ಇನ್ನೊಬ್ಬ ಮುದುಕ ಗುನ್ನಾರ್ ಅವರ ಪರವಾಗಿ ಸಾಕ್ಷಿ ಹೇಳುತ್ತಿದ್ದನೇನೊ.

ದೆಹಲಿಯಿಂದ ಮರಳಿದ ಆಲ್ವಾ ಅರವತ್ತರ ವಯಸ್ಸಿನಲ್ಲಿ ಹೊಸ ವಿಷಯವೊಂದನ್ನು ಮೊದಲಿನಿಂದ ಕಲಿತರು. 1962ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಮಾತುಕತೆಗೆ ಸ್ವೀಡನ್ನಿನ ನಿಯೋಗವನ್ನು ಮುನ್ನಡೆಸಿ, 1973ರವರೆಗೂ ಆ ಕುರ್ಚಿ ಬಿಡಲಿಲ್ಲ. ಯಾವ ಬಣಕ್ಕೂ ಸೇರದ ಎಂಟು ದೇಶಗಳು ಆ ಮೇಜಿನ ಸುತ್ತ ಇದ್ದವು, ಭಾರತವೂ ಸ್ವೀಡನ್ನೂ ಅದರಲ್ಲಿ ಎರಡು. ಭೂಗತ ಅಣುಸ್ಫೋಟವನ್ನು ಪತ್ತೆಹಚ್ಚುವುದು ಅಸಾಧ್ಯವೆಂಬ ನೆಪವನ್ನು ದೊಡ್ಡ ರಾಷ್ಟ್ರಗಳು ಮುಂದಿಟ್ಟಾಗ, ಆಲ್ವಾ ಭೂಕಂಪಶಾಸ್ತ್ರಜ್ಞರನ್ನೇ ಬಳಿಯಲ್ಲಿ ಕೂರಿಸಿಕೊಂಡು, ಅಂಕಿ ಅಂಶ ಹಿಡಿದು ವಾದಿಸಿದರು. ನಮ್ಮ ಗೌರಿಬಿದನೂರಿನ ಬಳಿ ಭೂಕಂಪ ಮಾಪಕಗಳ ಸಾಲು ನೆಲೆಗೊಂಡದ್ದೂ ಇದೇ ದಶಕದ ನಡುವಿನಲ್ಲಿ, ಇದೇ ಕೆಲಸಕ್ಕೆ. ರಜೆಯಲ್ಲಿ ಊರಿಗೆ ಹೋದಾಗ ಆ ದಾರಿಯಲ್ಲಿ ಹಾದುಹೋಗುವವರು ಮಕ್ಕಳಿಗೆ ಹೇಳಬಹುದು. 1966ರಲ್ಲಿ ಸಿಪ್ರಿ ಎಂಬ ಅಂತರರಾಷ್ಟ್ರೀಯ ಶಾಂತಿ ಸಂಶೋಧನಾ ಸಂಸ್ಥೆ ಹುಟ್ಟಿದ್ದರಲ್ಲೂ ಅವರ ಕೈಯಿದೆ. ಯಾವ ದೇಶ ಶಸ್ತ್ರಕ್ಕೆ ಎಷ್ಟು ಸುರಿಯುತ್ತದೆಂದು ಬೆಂಗಳೂರಿನ ಪತ್ರಿಕೆಗಳು ವರ್ಷ ವರ್ಷ ಛಾಪಿಸುವ ಲೆಕ್ಕ ಹೊರಡುವುದು ನಮ್ಮ ಸೋಲ್ನಾದಿಂದಲೇ. 1981ರಲ್ಲಿ ಭಾರತ ಸರ್ಕಾರ ಇಬ್ಬರಿಗೂ ಸೇರಿ ನೆಹರೂ ಪ್ರಶಸ್ತಿ ಕೊಟ್ಟಿತು. ಮರುವರ್ಷ ಮೆಕ್ಸಿಕೊದ ಆಲ್ಫೋನ್ಸೊ ಗಾರ್ಸಿಯಾ ರೋಬ್ಲೆಸ್ ಅವರೊಂದಿಗೆ ಶಾಂತಿ ನೊಬೆಲ್ ಪಡೆದಾಗ ಆಲ್ವಾಗೆ ಎಂಬತ್ತು.

ಇನ್ನು ಮಗಳ ಪ್ರಶ್ನೆ. 1929ರಲ್ಲಿ ಇಬ್ಬರೂ ಅಮೆರಿಕಕ್ಕೆ ಹೋದಾಗ ಎರಡು ವರ್ಷದ ಯಾನ್‌ನನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ಹೋದರು. ಅವನು ಬೆಳೆದು ಲೇಖಕನಾದ, ತಾಯಿಗೆ ನೊಬೆಲ್ ಬಂದ ಅದೇ 1982ರಲ್ಲಿ ತನ್ನ ಬಾಲ್ಯದ ಬಗ್ಗೆ, ತಂದೆತಾಯಿಯ ತಣ್ಣನೆಯ ಒಲವಿನ ಬಗ್ಗೆ ಕಹಿಯಾದ ಪುಸ್ತಕ ಪ್ರಕಟಿಸಿದ. ಇಡೀ ದೇಶದ ಮಕ್ಕಳ ಬಗ್ಗೆ ಯೋಚಿಸಿದವಳಿಗೆ ಸ್ವಂತ ಮಗ ಹೀಗೆ ಬರೆದದ್ದು ಎಷ್ಟು ನೋವಾಗಿರಬೇಕು. ತತ್ತ್ವಶಾಸ್ತ್ರಜ್ಞೆಯಾದ ಸಿಸೆಲಾ ತಾಯಿಯ ಬಗ್ಗೆ ಬರೆದ ಪುಸ್ತಕದಲ್ಲಿ ಪ್ರೀತಿಯೂ ಇದೆ, ಪ್ರಶ್ನೆಗಳೂ ಇವೆ. ಆಲ್ವಾ 1986ರ ಫೆಬ್ರವರಿ 1ರಂದು ತೀರಿಕೊಂಡರು, ಗುನ್ನಾರ್ ಮರುವರ್ಷ ಮೇ ತಿಂಗಳಲ್ಲಿ. ಮಗಳಿಗೆ ಇದನ್ನೆಲ್ಲ ಹೇಳಿದೆ. "ಅಜ್ಜ, ಅಜ್ಜಿ" ಎಂದು ಅವಳು ಹಾಳೆಯ ಖಾಲಿ ಜಾಗದಲ್ಲಿ ಬರೆದುಕೊಂಡು, ಸ್ವಲ್ಪ ಹೊತ್ತಿನ ಮೇಲೆ, "ಆ ಹುಡುಗ ವೀಡಿಯೊ ಕಾಲ್‌ನಲ್ಲಾದ್ರೂ ಮಾತಾಡಬಹುದಿತ್ತು" ಎಂದಳು. 1929ರಲ್ಲಿ ಅದೆಲ್ಲಿತ್ತು ಎಂದು ತಿದ್ದಲಿಲ್ಲ, ಸಾಗರದಲ್ಲಿ ಮಲಗುವ ಹೊತ್ತಾಗಿತ್ತು, ಫೋನ್ ಹಚ್ಚಿ ಅವಳ ಕೈಗೆ ಕೊಟ್ಟೆ.

ಕೆಲವು ಸೂಚನೆಗಳು, ಅವಸರದಲ್ಲಿ. ಸಂಕ್ರಾಂತಿ ಕೂಟ ಜನವರಿಯ ಮೂರನೆಯ ಶನಿವಾರ, ಎಂದಿನ ಸಭಾಂಗಣ, ಬೆಳಿಗ್ಗೆ ಹತ್ತೂವರೆಗೆ. ಎಳ್ಳು, ಕೊಬ್ಬರಿ ಹೆಚ್ಚಲು ಹಿಂದಿನ ಭಾನುವಾರ ಸಂಪಾದಕರ ಮನೆಗೆ ಬನ್ನಿ, ಕತ್ತರಿ ನಿಮ್ಮದೇ ತನ್ನಿ. ಹೋದ ವರ್ಷ ಸಕ್ಕರೆ ಅಚ್ಚಿನ ಮರದ ಮಣೆ ಒಯ್ದವರು ದಯವಿಟ್ಟು ಹಿಂದಿರುಗಿಸಿ. ಕನ್ನಡ ಕಲಿ ತರಗತಿ ಭಾನುವಾರ ಹತ್ತಕ್ಕೇ, ಹನ್ನೊಂದಕ್ಕಲ್ಲ. ಯುಗಾದಿ ನಾಟಕಕ್ಕೆ ಎರಡು ಗಂಡು ಪಾತ್ರ, ಒಂದು ತಬಲಾ ಖಾಲಿ. ಸದಸ್ಯತ್ವದ ಹಣವನ್ನು ಫೋನಿನಲ್ಲಿ ಸ್ವಿಷ್ ಮಾಡಿ ಕಳಿಸುವಾಗ ಹೆಸರು ಬರೆಯಿರಿ, ಹೆಸರಿಲ್ಲದ ಏಳು ಪಾವತಿಗಳು ಖಜಾಂಚಿಯವರ ನಿದ್ದೆ ಕೆಡಿಸಿವೆ.

ಇನ್ನೊಂದು. ಸಂಕ್ರಾಂತಿಯ ದಿನ ವೇದಿಕೆಯ ಹಿಂದಿನ ಕೋಣೆಯನ್ನು ಮಕ್ಕಳಿಗೆಂದು ಬಿಡಿಸಿಕೊಂಡಿದ್ದೇವೆ, ಎಳೆಯ ತಾಯಂದಿರು ಒಂದು ವರ್ಷವಾದರೂ ಕಾರ್ಯಕ್ರಮವನ್ನು ಪೂರ್ತಿ ಕೂತು ನೋಡಲೆಂದು. ಚಾಪೆ, ಚೌಕಾಬಾರದ ಮಣೆ, ಬಣ್ಣದ ಪೆನ್ಸಿಲು ತಯಾರಿವೆ. ಮೂರು ಗಂಟೆಯ ಹೊತ್ತಿಗೆ, ಸರದಿಯ ಮೇಲೆ ಆರು ಜನ ಬೇಕು. ಈವರೆಗೆ ನಾಲ್ಕು ಹೆಸರು ಬಂದಿವೆ, ನಾಲ್ಕೂ ಹೆಂಗಸರವೇ. ಉಳಿದ ಎರಡು ಜಾಗಗಳನ್ನು ಗಂಡಸರಿಗೆಂದು ಖಾಲಿ ಇಟ್ಟಿದ್ದೇನೆ. ಈ ಪತ್ರಿಕೆಯನ್ನೂ ಒಬ್ಬಳೇ ಹೊರತರುವುದು ಇನ್ನು ನನ್ನಿಂದಾಗದು, ಕೀಲಿಮಣೆಯಲ್ಲಿ ಕನ್ನಡ ಬರುವವರು ಅದಕ್ಕೂ ಒಂದು ಸಾಲು ಬರೆದು ಹಾಕಿ.